ಬ್ಲಾಗಿನವರ ಆಹೇರ

ಶಹಾಬಾದಿನ ಆ ಖಾಸಗಿ ಶಾಲೆಯನ್ನು ನಾನು ಬಿಟ್ಟದ್ದು ಒಂದು ಮಾತಿಗೆ. ಭಾನುವಾರವೂ ಬಂದು ಹತ್ತನೆಯ ತರಗತಿಗೆ ಪಾಠ ಮಾಡಬೇಕೆಂದು ಮುಖ್ಯೋಪಾಧ್ಯಾಯಿನಿ ಹೇಳಿದರು. ಅದಕ್ಕೆ ಬೇರೆ ಸಂಬಳ ಉಂಟೇನು ಎಂದು ಕೇಳಿದೆ. ಅವರು ನಕ್ಕರು. "ನಿಮಗೇನ್ರಿ, ಯಜಮಾನ್ರು ರೈಲ್ವೆದಾಗ ಅದಾರ. ನೀವು ಟೈಂಪಾಸಿಗೆ ಬರೋರು," ಅಂದರು. ಬೈದಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ, ನಕ್ಕದ್ದನ್ನು ನುಂಗಲಾಗಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ರಾಜೀನಾಮೆ ಬರೆದುಕೊಟ್ಟು ಸ್ಟೇಷನ್ನಿಗೆ ನಡೆದೆ. ನಮ್ಮ ಮನೆಯಿದ್ದ ವಾಡಿಗೆ ಹೋಗುವ ಪ್ಯಾಸೆಂಜರ್ ಸಂಜೆಗೆ. ಅಷ್ಟು ಹೊತ್ತೂ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ಅಡ್ಡಾಡಿದೆ. ಚಹಾ ಮಾರುವವನು ಯಾರನ್ನೋ ಕಳಿಸಿಕೊಡಲು ಬಂದವಳೆಂದು ತಿಳಿದು, ಗಾಡಿ ತಡ ಅದ, ಕೂತುಕೊಳ್ಳಿ ಎಂದು ಸಮಾಧಾನ ಹೇಳಿದ.

ಕೂರುವುದು ನನಗೆ ಹುಟ್ಟಿನಿಂದಲೇ ಬಂದಿಲ್ಲ. ಸೇಡಮ್ಮಿನಲ್ಲಿ ನಮ್ಮಪ್ಪ ಮಾಸ್ತರರು, ಊರಿನ ಅರ್ಧ ಮಂದಿಗೆ ಅಕ್ಷರ ಕಲಿಸಿದವರು. ಅವರಿಗೂ ನನ್ನನ್ನು ಒಂದು ಕಡೆ ಕೂಡಿಸುವುದು ಆಗಿರಲಿಲ್ಲ. ನಿನ್ನ ಕಾಲಾಗ ಚಕ್ರ ಅವ, ಮೂಗಿನ ತುದಿಮ್ಯಾಲ ಸಿಟ್ಟು ಅದ ಎಂದು ಅವ್ವ ಬೈಯುತ್ತಿದ್ದಳು. ಕೆಲಸ ಬಿಟ್ಟ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗಲೂ ಅವಳು ಹೇಳಿದ್ದು ಹಳೆಯ ಗಾದೆಯನ್ನೇ: ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ನನಗೆ ಆ ಮೂಗು ಬೇಕಾಗಿಯೂ ಇರಲಿಲ್ಲ, ಬಿಡಿ.

ಬೇಕಾಗಿದ್ದದ್ದು ದುಡ್ಡು. ದುಡ್ಡಲ್ಲ, ಮರ್ಯಾದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಗಂಡನ ಪಗಾರದಲ್ಲಿ ಮನೆಗೆ ಏನೂ ಕೊರತೆ ಇರಲಿಲ್ಲ. ಆದರೆ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾನು ಗೂಡ್ಸ್ ಆಫೀಸಿನ ಕ್ಲರ್ಕರ ಹೆಂಡತಿ, ಸೇಡಮ್ಮಿಗೆ ಹೋದರೆ ಮಾಸ್ತರರ ಮಗಳು. ಈ ಎರಡೂ ಅಲ್ಲದ ನಾನು ಎಂಬವಳು ಒಬ್ಬಳಿದ್ದಾಳೆ, ಅವಳ ಹೆಸರಿಗೇ ಒಂದು ಚೆಕ್ಕು ಬರುತ್ತದೆ, ಅದನ್ನು ಯಾರೂ ಟೈಂಪಾಸು ಅನ್ನುವ ಹಾಗಿಲ್ಲ: ಇಷ್ಟು ಆಗಬೇಕಿತ್ತು. ಮುಂದಿನ ಜೂನಿನಲ್ಲಿ ಶಾಲೆ ತೆರೆಯುವುದರೊಳಗೆ ಆಗದಿದ್ದರೆ ಮತ್ತೆ ಅದೇ ಶಾಲೆಯ ಬಾಗಿಲಿಗೆ ಹೋಗಿ ಕೈ ಮುಗಿಯಬೇಕು. ವಾಡಿಯಿಂದ ದಿನಾ ಹೋಗಿಬರುವಷ್ಟು ದೂರದಲ್ಲಿ ಇನ್ನೊಂದು ಶಾಲೆ ನನ್ನನ್ನು ಕರೆಯುತ್ತಿರಲಿಲ್ಲ.

ಬ್ಲಾಗು ಬರೆದು ಮನೆಯಲ್ಲೇ ಕೂತು ಗಳಿಸಬಹುದೆಂದು ಓದಿದ್ದು ಒಂದು ಭಾನುವಾರದ ಪುರವಣಿಯಲ್ಲಿ. ಎರಡು ಸಾವಿರದ ಇಸವಿ ಕಳೆದು ಆರೇಳು ವರ್ಷವಾಗಿದ್ದ ಕಾಲ. ನಮ್ಮ ಮನೆಯಲ್ಲಿ ಗಂಡ ಯಾರಿಂದಲೋ ಕೊಂಡುತಂದಿದ್ದ ಹಳೆಯ ಕಂಪ್ಯೂಟರು ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿ ಕೂತಿತ್ತು. ಟೆಲಿಫೋನಿನ ತಂತಿಯಿಂದಲೇ ನೆಟ್ಟು. ನೆಟ್ಟು ಹಚ್ಚಿದರೆ ಫೋನು ಎಂಗೇಜ್, ಯಾರಾದರೂ ಫೋನು ಎತ್ತಿದರೆ ನೆಟ್ಟು ಕಟ್. ಕನ್ನಡ ಟೈಪ್ ಮಾಡುವುದನ್ನು ಕಲಿಯುವುದರೊಳಗೆ ನನಗೂ ಆ ಕೀಲಿಮಣೆಗೂ ಎಷ್ಟು ಜಗಳವಾಯಿತೆಂದರೆ, ಒತ್ತಕ್ಷರ ಬರೆಯಬೇಕಾದಾಗಲೆಲ್ಲ ಗಂಡ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದರು.

ಏನು ಬರೆಯುತ್ತಿದ್ದೆ? ಕಣ್ಣಿಗೆ ಬಿದ್ದದ್ದನ್ನು. ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿಕಲ್ಲು ಬೇಸಿಗೆಯಲ್ಲಿ ಕಾಲಿಗೆ ಎಷ್ಟು ತಂಪು ಎಂಬುದನ್ನು. ಪ್ಯಾಸೆಂಜರಿನ ಹೆಂಗಸರ ಡಬ್ಬಿಯಲ್ಲಿ ಚಿತ್ತಾಪುರದಿಂದ ವಾಡಿ ಮುಟ್ಟುವುದರೊಳಗೆ ಹೇಗೆ ಒಂದು ಸಂಬಂಧ ಕುದುರಿ, ಮುರಿದು, ಮತ್ತೆ ಕುದುರಿತು ಎಂಬುದನ್ನು. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಹಾಕಬೇಕೋ ಬೇಡವೋ ಎಂಬ ನಮ್ಮ ಮನೆತನದ ಹಳೆಯ ತಕರಾರನ್ನು. ಬರೆಯುವಾಗ ಮಾತ್ರ ನನ್ನ ಕಾಲು ಸುಮ್ಮನಿರುತ್ತಿದ್ದವು. ಬರೆದು ಹಾಕಿದ ಮರುಗಳಿಗೆಯಿಂದ ಮತ್ತೆ ಶುರು. ಒಲೆಯ ಮೇಲೆ ಹಾಲಿಟ್ಟು ಬಂದು ಯಾರಾದರೂ ಓದಿದರೇನು ಎಂದು ನೋಡುವುದು, ಹಾಲು ಉಕ್ಕಿಸಿ ಬಂದು ಮತ್ತೊಮ್ಮೆ ನೋಡುವುದು.

ದುಡ್ಡು ಬರುವ ದಾರಿ ಹೀಗೆ. ಅಮೆರಿಕದ ಜಾಹೀರಾತಿನ ಕಂಪನಿಯೊಂದು ನಮ್ಮ ಬರಹದ ಪಕ್ಕದಲ್ಲಿ ತನ್ನ ಜಾಹೀರಾತು ಕೂಡಿಸುತ್ತದೆ. ಓದಲು ಬಂದವರು ಅದನ್ನು ಒತ್ತಿದರೆ ನಮ್ಮ ಪಾಲಿಗೆ ಇಷ್ಟು ಎಂದು ಬೀಳುತ್ತದೆ. ಅದು ಒಂದು ಮಟ್ಟಕ್ಕೆ ಮುಟ್ಟಿದ ಮೇಲೆಯೇ ಚೆಕ್ಕು, ಅಲ್ಲಿಯ ತನಕ ಮಣ್ಣಿನ ಹುಂಡಿಯ ಹಾಗೆ ಒಳಗೇ ಇರಬೇಕು. ತೊಂದರೆ ಏನೆಂದರೆ ಆ ಕಂಪನಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡದ ಪುಟವೆಂದರೆ ಅದು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅದಕ್ಕೆ ನಾನೊಂದು ಉಪಾಯ ಹುಡುಕಿದೆ. ಪ್ರತಿ ಬರಹದ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಆ ನಾಲ್ಕು ಸಾಲಿಗೆ ಜಾಹೀರಾತು ಬಂದು ಕೂತವು. ನಮ್ಮೂರ ಫರ್ಸಿಕಲ್ಲಿನ ಗುಣಗಾನದ ಪಕ್ಕದಲ್ಲಿ ಇಟಲಿಯ ಟೈಲ್ಸ್! ಪುಂಡಿಪಲ್ಯದ ಪಕ್ಕದಲ್ಲಿ ತೂಕ ಇಳಿಸುವ ಔಷಧಿ. ನಾನು ಹೊಗಳಿದ್ದಕ್ಕೆಲ್ಲ ಪ್ರತಿಸ್ಪರ್ಧಿಯನ್ನು ಹುಡುಕಿ ತಂದು ನಿಲ್ಲಿಸುತ್ತಿತ್ತು ಆ ಕಂಪನಿ. ಆದರೂ ನಾಚಿಕೆಯಿಲ್ಲದೆ ಖುಷಿಪಟ್ಟೆ.

ಒತ್ತುವವರು ಮಾತ್ರ ಇರಲಿಲ್ಲ. ದೀಪಾವಳಿ ಬಂತು, ಹೋಯಿತು, ಹುಂಡಿ ಬರಿದು. ಗಂಡ ಸಂಜೆ ಬಂದು ಚಪ್ಪಲಿ ಬಿಡುತ್ತ, ಇವತ್ತು ಅಮೆರಿಕದಿಂದ ಏನಾದರೂ ಸುದ್ದಿ ಎಂದು ಚೇಷ್ಟೆ ಮಾಡುತ್ತಿದ್ದರು. ನಾನು ರೊಟ್ಟಿ ಬಡಿಯುವುದರಲ್ಲಿರುತ್ತಿದ್ದೆ. ಕೈ ಕೆಲಸ ಮಾಡುತ್ತಿದ್ದರೂ ಎದೆಯೊಳಗೆ ಯಾವುದೋ ಗಾಡಿ ಸಿಗ್ನಲ್ ಸಿಗದೆ ನಿಂತು ಸುಮ್ಮನೆ ಕೂಗುತ್ತಿದ್ದ ಹಾಗಿರುತ್ತಿತ್ತು.

ಅವ್ವನಿಗೆ ಇದೆಲ್ಲವನ್ನೂ ಫೋನಿನಲ್ಲಿ ಹೇಳಿದ್ದೆ. ಅವಳಿಗೆ ಬರಹ ಯಾತರದು ಎಂಬುದಕ್ಕಿಂತ ದುಡ್ಡು ಹೇಗೆ ಬೀಳುತ್ತದೆ ಎಂಬುದರಲ್ಲಿ ಆಸಕ್ತಿ. ಯಾರು ಬೇಕಾದರೂ ಒತ್ತಬಹುದೇನು ಎಂದು ಕೇಳಿದಳು. ಹೂಂ ಅಂದೆ. ಒತ್ತಿದವರ ಗಂಟೇನಾದರೂ ಹೋಗುತ್ತದೇನು ಎಂದು ಕೇಳಿದಳು. ಇಲ್ಲ ಅಂದೆ. ಬ್ಲಾಗಿನ ಅಡ್ರೆಸ್ಸು ಹೇಳು ಎಂದಳು. ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳಿದೆ, ಅವಳು ವಿಷ್ಣು ಸಹಸ್ರನಾಮ ಬಾಯಿಪಾಠ ಮಾಡಿದ ಹಾಗೆ ತಿರುಗಿ ಒಪ್ಪಿಸಿದಳು. ಅಪ್ಪನಿಗೆ ತೋರಿಸಬೇಕೆಂದು ಕೇಳಿದಳು ಅಂದುಕೊಂಡೆ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಒಮ್ಮೆಲೇ ಏನೋ ಆಯಿತು. ಬೆಳಿಗ್ಗೆ ಎದ್ದು ನೋಡಿದರೆ ಯಾರೋ ಒತ್ತಿದ್ದಾರೆ. ಮರುದಿನ ಇನ್ನಷ್ಟು. ವಾರದೊಳಗೆ ಒತ್ತಿದ್ದೇ ಒತ್ತಿದ್ದು. ಓದಲು ಬಂದವರು ಯಾವ ಊರಿನವರೆಂದು ತೋರಿಸುವ ಒಂದು ಯಂತ್ರವನ್ನು ಬ್ಲಾಗಿನ ತಳದಲ್ಲಿ ಕೂಡಿಸಿದ್ದೆ. ಅದರಲ್ಲಿ ಬೆಂಗಳೂರು, ಬೆಂಗಳೂರು, ಬೆಂಗಳೂರು, ನಡುನಡುವೆ ಹೈದರಾಬಾದು. ನಾನು ಹುಚ್ಚಾಗುವುದೊಂದು ಬಾಕಿ. ಬೆಂಗಳೂರಿನವರು ಚಿತ್ತಾಪುರದ ಹೆಂಗಸರ ಡಬ್ಬಿಯ ಕಥೆ ಓದುತ್ತಿದ್ದಾರೆ! ಬಡಿಸಿದ ಊಟ ಬಿಟ್ಟು ಎದ್ದುಬಂದು ನೋಡಿ ಹೋಗುತ್ತಿದ್ದೆ. ಗಂಡನನ್ನು ಕೈಹಿಡಿದು ಎಳೆದುತಂದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಇಷ್ಟು ಮಂದಿ ಬಂದಾರ, ಒಬ್ಬರೂ ಚೆಂದ ಅದ ಅಂತ ಒಂದು ಮಾತು ಬರದಿಲ್ಲಲ್ಲ ಎಂದರು. ದೊಡ್ಡ ಊರಿನವರು ಹಾಗೆಲ್ಲ ಬರೆಯುವುದಿಲ್ಲ ಎಂದು ಅವರ ಬಾಯಿ ಮುಚ್ಚಿಸಿದೆ.

ಅಷ್ಟಕ್ಕೇ ಬಿಡಲಿಲ್ಲ ನಾನು. ಬೆಂಗಳೂರಿನ ಓದುಗರಿಗೆ ಅರ್ಥವಾಗಬೇಕಲ್ಲ ಎಂದು ನನ್ನ ಭಾಷೆಯನ್ನು ತೊಳೆಯಲು ಕೂತೆ. ಹಳೆಯ ಬರಹಗಳನ್ನೆಲ್ಲ ತೆಗೆದು 'ಭಾಳ' ಎಂದಿದ್ದಲ್ಲಿ 'ತುಂಬಾ' ಎಂದು ತಿದ್ದಿದೆ. 'ಖರೆ' ಹೋಗಿ 'ನಿಜ' ಬಂತು. ಹೆಂಗಸರ ಡಬ್ಬಿಯ ಆ ಮುದುಕಿ, "ಈಕಿಗಿ ಭಾಳ ಸೊಕ್ಕ ಅದ" ಎಂದಿದ್ದವಳು, ನನ್ನ ಕೈಯಲ್ಲಿ ಸಿಕ್ಕು "ಇವಳಿಗೆ ತುಂಬಾ ಜಂಬ" ಎನ್ನತೊಡಗಿದಳು. ಆ ಮುದುಕಿ ಅದನ್ನು ಕೇಳಿದ್ದರೆ ನನ್ನನ್ನು ಗಾಡಿಯಿಂದ ಇಳಿಸಿಬಿಡುತ್ತಿದ್ದಳು.

ಚೆಕ್ಕಿನ ಮಟ್ಟ ಹತ್ತಿರ ಬಂದಿತ್ತು. ಬ್ಯಾಂಕಿಗೆ ಹೋಗಿ ನನ್ನೊಬ್ಬಳ ಹೆಸರಿನಲ್ಲೇ ಖಾತೆ ತೆರೆದು ಬಂದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ಗಂಡ ನಕ್ಕರು, ಆ ದಿನ ನಾನೂ ನಕ್ಕೆ. ಶಹಾಬಾದಿನ ಮುಖ್ಯೋಪಾಧ್ಯಾಯಿನಿ ಎದುರಿಗೆ ಸಿಕ್ಕರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ನಾಲ್ಕಾರು ಬಗೆಯಲ್ಲಿ ಹೇಳಿನೋಡಿದೆ. ಎಲ್ಲದರಲ್ಲೂ ಕೊನೆಗೆ ನಗುವವಳು ನಾನೇ ಆಗಿದ್ದೆ.

ಶಿವರಾತ್ರಿಯ ಹಿಂದುಮುಂದು ಕಂಪನಿಯಿಂದ ಒಂದು ಮೇಲ್ ಬಂತು. ನಿಮ್ಮ ಪುಟದ ಜಾಹೀರಾತುಗಳನ್ನು ಒತ್ತಿದ ರೀತಿ ಸರಿಯಿಲ್ಲ, ಬೇಕೆಂದೇ ಒತ್ತಿಸಿದಂತಿದೆ, ಆದ್ದರಿಂದ ನಿಮ್ಮ ಖಾತೆ ಮುಚ್ಚಿದ್ದೇವೆ, ಅದರಲ್ಲಿದ್ದದ್ದನ್ನು ಜಾಹೀರಾತು ಕೊಟ್ಟವರಿಗೆ ತಿರುಗಿ ಕೊಡುತ್ತೇವೆ ಎಂಬುದು ಅದರ ಸಾರಾಂಶ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಓದಿ ನನ್ನ ಮೈಯೆಲ್ಲ ಉರಿಯಿತು. ನಾನು ಕಳ್ಳಿಯೇ? ಬೆಂಗಳೂರಿನ ನನ್ನ ಓದುಗರು ಕಳ್ಳರೇ? ಕಂಪನಿಗೆ ಉದ್ದುದ್ದ ಇಂಗ್ಲಿಷಿನಲ್ಲಿ ಬರೆದೆ. ಸಿಟ್ಟಿಗೆ ವ್ಯಾಕರಣ ಕೆಟ್ಟಿರಬೇಕು. ನಿರ್ಧಾರ ಬದಲಾಗುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಮನೆಯಲ್ಲಿ ನಿಲ್ಲಲಾಗಲಿಲ್ಲ. ಚೀಲಕ್ಕೆ ಒಂದು ಸೀರೆ ತುರುಕಿಕೊಂಡು ಸೇಡಮ್ಮಿನ ಗಾಡಿ ಹತ್ತಿದೆ. ಚಿತ್ತಾಪುರ ದಾಟುವ ತನಕ ಬಾಗಿಲಲ್ಲೇ ನಿಂತಿದ್ದೆ, ಒಳಗೆ ಜಾಗವಿದ್ದರೂ.

ಮನೆಗೆ ಹೋದರೆ ಪಡಸಾಲೆಯಲ್ಲಿ ಸುಲೇಪೇಟದ ಕಾಕಿ ಕೂತಿದ್ದಳು. ಕಾಕಿ ಎಂದರೆ ರಕ್ತಸಂಬಂಧವಲ್ಲ. ಅವರದು ಸುಲೇಪೇಟದಲ್ಲಿ ಬಟ್ಟೆ ಅಂಗಡಿ ಇಟ್ಟ ಲಿಂಗಾಯತರ ಮನೆ, ನಮ್ಮದು ವೈಷ್ಣವರದು. ಅಪ್ಪ ಆ ಊರಲ್ಲಿ ಮಾಸ್ತರಿಕೆ ಮಾಡಿದ್ದ ಕಾಲದಿಂದ ಎರಡೂ ಮನೆಗೆ ಆಹೇರದ ಸಂಬಂಧ. ಲಗ್ನ, ಮುಂಜಿವೆ, ತೊಟ್ಟಿಲು, ಏನಿದ್ದರೂ ಅವರು ನಮಗೆ ಸೀರೆಯೋ ಪಾತ್ರೆಯೋ ತಂದು ಆಹೇರ ಮಾಡಬೇಕು, ಅವರಲ್ಲಿ ಕಾರ್ಯವಾದಾಗ ನಾವು ಅದನ್ನು ಮರೆಯದೆ ತೀರಿಸಬೇಕು. ಇಂಥ ಮನೆಗಳು ಅವ್ವನಿಗೆ ಚಿತ್ತಾಪುರದಲ್ಲಿ, ಚಿಂಚೋಳಿಯಲ್ಲಿ, ಚಿಮ್ಮನಚೋಡದಲ್ಲಿ, ನಾಲವಾರದಲ್ಲಿ ಎಲ್ಲ ಇದ್ದವು. ಯಾವ ಮನೆಯ ಮುಯ್ಯಿ ಬಾಕಿ ಇದೆ, ಯಾವುದು ತೀರಿದೆ ಎಂಬುದು ಅವಳಿಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು.

ಕಾಕಿ ನನ್ನನ್ನು ನೋಡಿದವಳೇ ಹತ್ತಿರ ಕರೆದು ಕೂಡಿಸಿಕೊಂಡು, ಬೆನ್ನ ಮೇಲೆ ಕೈಯಿಟ್ಟು ಕೇಳಿದಳು. "ನಮ್ಮದು ಮುಟ್ಟಿತೇನವಾ?"

ಏನು ಎಂದೆ. "ಅದೇ, ನಿನ್ನ ಬ್ಲಾಗಿಂದು. ದಿನಾ ಲಿಂಗಪೂಜಿ ಆದಮ್ಯಾಲ ಅಂಗಡಿ ಕಂಪ್ಯೂಟರಿನ್ಯಾಗ ಒತ್ತಲಿಕತ್ತೀನಿ. ಒಂದು ದಿನಾ ಬಿಟ್ಟಿಲ್ಲ."

ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಕಾಕಿ ಹೇಳುತ್ತ ಹೋದ ಹಾಗೆ ಒಂದೊಂದಾಗಿ ತಿಳಿಯಿತು. ಚಿತ್ತಾಪುರದ ತಹಸೀಲ್ ಆಫೀಸಿನವರ ಮನೆಯವರು ಒತ್ತುತ್ತಿದ್ದರು. ಚಿಂಚೋಳಿಯಲ್ಲಿ ನೆಟ್ ಸೆಂಟರಿಗೆ ಹೋಗಿ ದುಡ್ಡು ಕೊಟ್ಟು ಕೂತು ಒತ್ತುತ್ತಿದ್ದರು. ನಾಲವಾರದವರು ಮಗಳ ಮನೆಗೆ ಹೋದಾಗೊಮ್ಮೆ ಬಾಕಿಯನ್ನೆಲ್ಲ ಸೇರಿಸಿ ಒತ್ತಿ ಬರುತ್ತಿದ್ದರು. ನನ್ನ ಯಂತ್ರಕ್ಕೆ ಈ ಊರುಗಳು ಗೊತ್ತಿರಲಿಲ್ಲ. ನಮ್ಮ ಕಡೆಯ ತಂತಿಗಳೆಲ್ಲ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಸೇರುತ್ತಿದ್ದುದರಿಂದ ಅದು ಎಲ್ಲರನ್ನೂ ಬೆಂಗಳೂರಿನವರನ್ನಾಗಿ ಮಾಡಿ ತೋರಿಸಿತ್ತು. ಸುಲೇಪೇಟದ ಕಾಕಿಗೆ ತಿಳಿಯಲೆಂದು ನಾನು 'ಭಾಳ'ವನ್ನು 'ತುಂಬಾ' ಮಾಡಿದ್ದೆ.

ಕೊನೆಗೆ ಕೇಳಬಾರದ್ದನ್ನು ಕೇಳಿದೆ. ಬರೆದದ್ದನ್ನು ಓದಿದಿರೇನು ಕಾಕಿ ಎಂದೆ. ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಓದಲಿಕ್ಕಿ ಎಲ್ಲಿ ಹೋಗಿದ್ವಿ? ಆಹೇರ ಮಾಡಲಿಕ್ಕಿ ಹೋಗಿದ್ವಿ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳೇ ಮನೆಮನೆಗೆ ಹೇಳಿ ಕಳಿಸಿದ್ದಳೆಂದು ಕೇಳುವ ಅಗತ್ಯವಿರಲಿಲ್ಲ, ಮುಖದಲ್ಲೇ ಇತ್ತು. ನನ್ನ ಸಿಟ್ಟೆಲ್ಲ ಆ ಕಡೆ ತಿರುಗಿತು. ಯಾಕೆ ಹೀಗೆ ಮಾಡಿದಿ, ನನ್ನನ್ನು ಒಂದು ಮಾತು ಕೇಳಬಾರದಿತ್ತೇನು ಎಂದು ಧ್ವನಿ ಏರಿಸಿದೆ. ಅವಳು ಎಂದಿನಂತೆ ತಿರುಗಿ ಬೈಯಲಿಲ್ಲ. ನನ್ನ ಮದುವೆಯ ಮಾತು ತೆಗೆದಳು. ತೊಂಬತ್ತರ ದಶಕದ ನಡುವಿನಲ್ಲಿ ನಡೆದ ಮದುವೆ. ನಾನು ಆಗ ಕಾಲೇಜು ಮುಗಿಸಿ, ಜಗತ್ತನ್ನು ತಿದ್ದಲು ಹೊರಟವಳು. ಲಗ್ನಪತ್ರಿಕೆಯ ಕೆಳಗೆ 'ಆಹೇರ ಸ್ವೀಕರಿಸಲಾಗುವುದಿಲ್ಲ' ಎಂದು ಅಚ್ಚು ಹಾಕಿಸದಿದ್ದರೆ ಮಂಟಪಕ್ಕೇ ಬರುವುದಿಲ್ಲವೆಂದು ಹಟ ಹಿಡಿದು ಹಾಕಿಸಿದ್ದೆ. ಅದು ಸರಿಯೆಂದೇ ಈಗಲೂ ನನ್ನ ವಾದ. ಕೊಡುವ ಶಕ್ತಿ ಇಲ್ಲದವರೂ ಸಾಲ ಮಾಡಿ ತರುವ ಪದ್ಧತಿ ಅದು.

"ಮೂವತ್ತು ವರ್ಷ ನಾ ಮಂದಿ ಮನಿಗಿ ಮಾಡೀನಿ," ಎಂದಳು ಅವ್ವ. "ನಿನ್ನ ಲಗ್ನದಾಗ ಕೈತುಂಬ ತಂದವರಿಗಿ ನಾ ಬಾಗಲದಾಗ ನಿಂತು ವಾಪಸ್ ಒಯ್ರಿ ಅಂದೀನಿ. ಅವರೂ ಋಣದಾಗ ಉಳದ್ರು, ನಾನೂ ಬರಿಗೈಲೆ ಉಳದೆ. ಈಗ ನಿನ್ನ ಹೆಸರಿಲೆ ಒಂದು ಕಾರ್ಯ ಬಂತು. ಕರದೆ."

ಬ್ಲಾಗು ಅವಳ ಲೆಕ್ಕದಲ್ಲಿ ನನ್ನ ಎರಡನೆಯ ಲಗ್ನವಾಗಿತ್ತು.

ಕಾಕಿ ಇನ್ನೂ ಉತ್ತರಕ್ಕೆ ಕಾದಿದ್ದಳು. ಮುಟ್ಟಿತೇನು? ನೀವೆಲ್ಲ ಸೇರಿ ಒತ್ತಿ ಒತ್ತಿಯೇ ಅದನ್ನು ಮುಳುಗಿಸಿದಿರಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಂಥ ಮಾತನ್ನು ತಡೆಹಿಡಿದ ಅಭ್ಯಾಸ ನನಗಿಲ್ಲ.

"ಮುಟ್ಟೇದ್ರಿ ಕಾಕಿ," ಎಂದೆ.

ದಯೆಯಿಂದ ಹೇಳಿದ್ದಲ್ಲ, ಅಷ್ಟು ದಯೆ ನನ್ನಲ್ಲಿಲ್ಲ. ಆಹೇರ ಮಾಡಿದವರು ಎದುರಿಗೆ ಕೂತು ಕೇಳಿದರೆ ನಮ್ಮ ಕಡೆ ಬೇರೆ ಉತ್ತರವಿಲ್ಲ, ಅಷ್ಟೇ. ಕಾಕಿ ಸಮಾಧಾನದಿಂದ ಎಲೆ ಅಡಿಕೆ ಹಾಕಿಕೊಂಡಳು. ಅವಳು ಬಸ್ಸಿಗೆ ಹೋದ ಮೇಲೆ ಅವ್ವನಿಗೆ ನಿಜ ಹೇಳಿದೆ. ಕಂಪನಿ ಖಾತೆ ಮುಚ್ಚಿದೆ, ಒಂದು ಕಾಸೂ ಬರುವುದಿಲ್ಲ ಎಂದೆ. ಅವಳು ಎಲೆ ಅಡಿಕೆಯ ತಟ್ಟೆ ಎತ್ತಿಡುತ್ತ, "ಮುಟ್ಟದಿದ್ರ ಅದು ಕಂಪನಿ ತಪ್ಪು. ಕೊಟ್ಟವರು ಕೊಟ್ಟಾರ. ನೀ ತೀರಿಸಬೇಕು," ಎಂದಳು. ಬಾರದ ದುಡ್ಡಿಗೆ ನಾಲ್ಕೈದು ಊರಿನ ಮನೆಗಳ ಋಣ ನನ್ನ ತಲೆಯ ಮೇಲೆ ಬಂದು ಕೂತಿತು. ಗಂಡನ ದುಡ್ಡಿನಿಂದ ತೀರಿಸುವ ಋಣ ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಜೂನಿನಲ್ಲಿ ಶಹಾಬಾದಿನ ಶಾಲೆಗೆ ಹೋದೆ. ದಾರಿಯುದ್ದಕ್ಕೂ ಗಾಡಿ ಕೆಟ್ಟು ನಿಂತರೆ ಚೆನ್ನಾಗಿತ್ತು ಅನಿಸುತ್ತಿತ್ತು, ಅಂದು ಅದು ಸಮಯಕ್ಕೆ ಸರಿಯಾಗಿ ಮುಟ್ಟಿತು. ಮುಖ್ಯೋಪಾಧ್ಯಾಯಿನಿ ಜಾಗ ಖಾಲಿ ಇದೆ, ಬನ್ನಿ ಎಂದರು. ಟೈಂಪಾಸು ಎಂಬ ಮಾತನ್ನು ಇನ್ನೊಮ್ಮೆ ಆಡಬಾರದೆಂದು ನಾನು ಷರತ್ತು ಹಾಕಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅಂಥ ಮಾತು ತಾವು ಆಡಿದ್ದೇ ಅವರಿಗೆ ನೆನಪಿರಲಿಲ್ಲ. ಒಂದು ವರ್ಷ ನನ್ನನ್ನು ಕೂರಗೊಡದೆ ಓಡಿಸಿದ ಮಾತು ಅವರ ಬಾಯಿಂದ ಸುಮ್ಮನೆ ಬಿದ್ದುಹೋಗಿತ್ತು.

ಬ್ಲಾಗು ಬಿಡಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದು ಬರೆಯುತ್ತಿದ್ದೆ, ಪಕ್ಕದಲ್ಲಿ ಇಟಲಿಯ ಟೈಲ್ಸ್ ಇರಲಿಲ್ಲ. ಯಾರು ಬಂದರು ಎಂದು ತೋರಿಸುವ ಯಂತ್ರವನ್ನು ಕಿತ್ತುಹಾಕಿದೆ. ಆದರೂ ದಿನಕ್ಕೆ ಎರಡು ಸಲ ಕಂಪ್ಯೂಟರಿನ ಮುಂದೆ ಹೋಗಿ ನಿಲ್ಲುವುದು ತಪ್ಪಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಸುಲೇಪೇಟದ ಕಾಕಿಯ ಮೊಮ್ಮಗಳ ಲಗ್ನ. ನನ್ನ ಪಗಾರದಲ್ಲಿ ಒಂದು ಇಳಕಲ್ ಸೀರೆ ಕೊಂಡೆ. ಅವ್ವ ಅಂಚು, ಸೆರಗು ಎಲ್ಲ ತಿರುವಿಹಾಕಿ ನೋಡಿ ಪಾಸು ಮಾಡಿದಳು. ಊಟದ ಹೊತ್ತಿಗೆ ಹಂದರದಲ್ಲಿ ಆಹೇರ ಶುರುವಾಯಿತು. ಮೈಕು ಹಿಡಿದವನು ತಂದವರ ಮನೆತನದ ಹೆಸರು ಕೂಗಿ ಏನು ತಂದಿದ್ದಾರೆಂದು ಹೇಳುತ್ತಿದ್ದ. ನಮ್ಮ ಸರದಿ ಬಂತು. ಯಾರ ಹೆಸರಿಲೆ ಎಂದು ಕೇಳಿದ. ಅಪ್ಪನ ಮನೆತನವೆನ್ನಲೋ ಗಂಡನ ಮನೆತನವೆನ್ನಲೋ ಎಂದು ನಾನು ತಡವರಿಸುವಾಗ ಅವ್ವ ಮುಂದೆ ಬಂದಳು. ಆಹೇರ ಯಾರ ಹೆಸರಿಗೆ ಬಂದಿತ್ತೋ ಅವರ ಹೆಸರಿನಿಂದಲೇ ತೀರಬೇಕು, ಅದು ನಿಯಮ. ಅವಳು ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು ಮತ್ತೊಮ್ಮೆ ಕೇಳಿಸಿಕೊಂಡು, ಗಂಟಲು ಸರಿಮಾಡಿಕೊಂಡು ಕೂಗಿದ. "ವಾಡಿ ಬ್ಲಾಗಿನವರ ಕಡಿಂದ ಒಂದು ಇಳಕಲ್ ಸೀರಿ."

ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿಗೆ ಊರಿನ ಮನೆತನಗಳೆಲ್ಲ ಗೊತ್ತಿದ್ದಿರಬೇಕು, ಇದೊಂದು ಗೊತ್ತಾಗಲಿಲ್ಲ. ಅವ್ವನ ಕಡೆ ಬಗ್ಗಿ ಕೇಳಿದಳು. "ಬ್ಲಾಗಿನವರು ಅಂದ್ರ ಯಾರ್ ಪೈಕಿರಿ? ತಾಂಡೂರ ಕಡಿಯವರೇನು?"

"ಇಲ್ರಿ. ನನ್ನ ಮಗಳ ಮನಿತನ," ಎಂದಳು ಅವ್ವ. "ಹೊಸಾದು. ಅಕಿಯಿಂದನೇ ಶುರು."

ನನಗೆ ಕಣ್ಣು ತುಂಬಿ ಬಂದವು. ಆ ಹೊತ್ತಿಗೆ ಮೈಕಿನವನು ಚಿಮ್ಮನಚೋಡದವರ ತಾಮ್ರದ ಕೊಡವನ್ನು ಕೂಗುತ್ತಿದ್ದ, ಮುದುಕಿ ಆ ಕಡೆ ತಿರುಗಿದಳು.